ಧರ್ಮಸಭೆಯಲ್ಲಿ ಸ್ತ್ರೀಯ ಸ್ಥಾನ

(ಶತಮಾನೋತ್ಸವದ ಅಂಗವಾಗಿ ನಡೆದ ಸ್ತ್ರೀಯರ ಸಭೆಯಲ್ಲಿ ಮಾಡಿದ ಭಾಷಣ)



ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸುವುದು ದೇವರ ದೊಡ್ಡ ಕೃಪೆ. ಇಂಥ ಸಂದರ್ಭದಲ್ಲಿ ದೇವಾಲಯ ಕಟ್ಟಿಸಿದವರನ್ನೂ ಸೇವೆ ಸಲ್ಲಿಸಿದ ಗುರುಗಳನ್ನೂ ದಾನಿಗಳನ್ನೂ ನೆನೆಯುವುದು ಯೋಗ್ಯವೇ ಸರಿ. ಅವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತುತ್ತೇವೆ. ಆದರೆ ಮಕ್ಕಳ ಕೈ ಹಿಡಿದು ಹಣೆಯ ಮೇಲೆ ಶಿಲುಬೆಯ ಗುರುತನ್ನು ಮೊದಲು ಹಾಕಿಸಿದವರು ಯಾರು? ಸಂಜೆಯ ಜಪಸರವನ್ನು ತಪ್ಪದಂತೆ ನಡೆಸಿದವರು ಯಾರು? ದೇವಾಲಯದ ನೆಲ ಗುಡಿಸಿ ಸಾರಿಸಿದವರು, ಬರಗಾಲದಲ್ಲಿಯೂ ಹಿಡಿ ಜೋಳವನ್ನು ದೇವರ ಪಾಲೆಂದು ತೆಗೆದಿಟ್ಟವರು ಯಾರು? ಅವರ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ಅದು ನಮಗೆ ದುಃಖದ ವಿಷಯವಲ್ಲ. ಆದರೆ ಯಾರ ಮಡಿಲಿನಲ್ಲಿ ವಿಶ್ವಾಸವು ಬೆಳೆಯಿತೋ, ಆ ಸ್ತ್ರೀಗೆ ಅದೇ ವಿಶ್ವಾಸದ ಮನೆಯಲ್ಲಿ ಯಾವ ಸ್ಥಾನ ದೊರೆತಿದೆ ಎಂದು ಕೇಳಿಕೊಳ್ಳುವುದಕ್ಕೆ ಇದು ತಕ್ಕ ಸಮಯವೆಂದು ನಾವು ಭಾವಿಸುತ್ತೇವೆ.

ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ನಮ್ಮ ಕನ್ನೊಳ್ಳಿ ಇರುವ ಜಿಲ್ಲೆಯಲ್ಲಿಯೇ ಬಸವನ ಬಾಗೇವಾಡಿಯೂ ಇದೆ. ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗೇಕೆಂದು ಬಾಲಕ ಬಸವಣ್ಣನವರು ಕೇಳಿ, ಉಪನಯನವನ್ನೇ ತೊರೆದರೆಂದು ಪರಂಪರೆ ಹೇಳುತ್ತದೆ. ಮುಂದೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಇಷ್ಟಲಿಂಗದೀಕ್ಷೆ ದೊರೆಯಿತು. ಹೆಣ್ಣಿನ ದೇಹಧರ್ಮವನ್ನು ಮೈಲಿಗೆಯೆಂದು ಎಣಿಸುವುದನ್ನು ಶರಣರು ಒಪ್ಪಲಿಲ್ಲ. ಅಕ್ಕಮಹಾದೇವಿಯವರೇ ಮೊದಲಾದ ಮೂವತ್ತಕ್ಕೂ ಮಿಕ್ಕ ವಚನಕಾರ್ತಿಯರು ದೇವರೊಡನೆ ನೇರವಾಗಿ ಮಾತನಾಡಿದರು. ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವನನ್ನು ತಿದ್ದಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವೆಲ್ಲರೂ ಕೇಳಿಯೇ ಬೆಳೆದಿದ್ದೇವೆ.

ಇದೇ ನೆಲದಲ್ಲಿ ಇನ್ನೊಂದು ಚಿತ್ರವೂ ಇದೆ. ಬಡ ದಲಿತ ಕುಟುಂಬಗಳ ಎಳೆಯ ಹೆಣ್ಣುಮಕ್ಕಳ ಕೊರಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿ, ಅವರ ಬಾಳನ್ನು ಊರಿನ ಉಳ್ಳವರಿಗೆ ಒಪ್ಪಿಸುವ ಪದ್ಧತಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಬಹುಕಾಲ ನಡೆಯಿತು. ಮುಂಬಯಿ ಪ್ರಾಂತದಲ್ಲಿ 1934ರಲ್ಲಿಯೂ ಕರ್ನಾಟಕದಲ್ಲಿ 1982ರಲ್ಲಿಯೂ ಇದರ ವಿರುದ್ಧ ಕಾನೂನು ಬಂದಿತು. ಆದರೂ 1993-94ರ ಸರಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ಮಂದಿ ದೇವದಾಸಿಯರು ಕಂಡುಬಂದರು. ಅಕ್ಕಮಹಾದೇವಿಯವರೂ ದೇವರಿಗೆ ತಮ್ಮನ್ನು ಅರ್ಪಿಸಿಕೊಂಡವರೇ. ಮುತ್ತು ಕಟ್ಟಿಸಿಕೊಂಡ ಬಾಲೆಯೂ ದೇವರಿಗೆ ಅರ್ಪಿತಳೆಂದೇ ಕರೆಯಲ್ಪಟ್ಟವಳು. ಒಬ್ಬರು ತಾವಾಗಿ ದೇವರನ್ನು ಆರಿಸಿಕೊಂಡರು. ಇನ್ನೊಬ್ಬಳ ಪರವಾಗಿ ಬೇರೆಯವರು ನಿರ್ಣಯಿಸಿದರು. ದೇವರ ಹೆಸರು ಹೆಣ್ಣಿಗೆ ಬಿಡುಗಡೆಯೂ ಆಗಬಹುದು, ಬಂಧನವೂ ಆಗಬಹುದು. ಆ ಹೆಸರನ್ನು ಹೇಳುವವರು ಯಾರು, ಯಾರ ಹಿತಕ್ಕಾಗಿ ಹೇಳುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನೆರೆಮನೆಯ ಕಸವನ್ನು ಎಣಿಸುವುದಕ್ಕಾಗಿ ನಾವು ಇದನ್ನು ಹೇಳಲಿಲ್ಲ. ಇದೇ ಅಳತೆಗೋಲನ್ನು ನಮ್ಮ ಮನೆಯೊಳಗೂ ತರಬೇಕಾಗಿದೆ.

ಶುಭಸಂದೇಶವನ್ನು ತೆರೆದು ನೋಡೋಣ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯೊಬ್ಬಳು ಜನಜಂಗುಳಿಯಲ್ಲಿ ಯೇಸುಸ್ವಾಮಿಯ ಉಡುಪನ್ನು ಮುಟ್ಟಿದಳು. ಯಾಜಕರ ಶಾಸ್ತ್ರದ ಪ್ರಕಾರ ಅವಳು ಮುಟ್ಟಬಾರದವಳು. ಯೇಸುಸ್ವಾಮಿ ಸಿಡುಕಲಿಲ್ಲ, ಎಲ್ಲರ ಎದುರಿನಲ್ಲಿ ಅವಳನ್ನು ಮಗಳೆಂದು ಕರೆದು, ಅವಳ ವಿಶ್ವಾಸವನ್ನೇ ಕೊಂಡಾಡಿದರು. ನೀರಿಗಾಗಿ ಕೊಡ ಹೊತ್ತು ಬಿರುಬಿಸಿಲಿನಲ್ಲಿ ಬಾವಿಗೆ ಹೋಗುವ ಕಷ್ಟವನ್ನು ನಮ್ಮ ಸೀಮೆಯ ಸ್ತ್ರೀಯರಿಗೆ ಹೇಳಿಕೊಡಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಸಮಾರಿಯದ ಬಾವಿಯ ಬಳಿ ಬಂದವಳೊಡನೆ ಸ್ವಾಮಿಯವರು ನಡೆಸಿದ ಸಂವಾದವು ಶುಭಸಂದೇಶದ ಅತಿ ದೀರ್ಘ ಸಂವಾದಗಳಲ್ಲಿ ಒಂದು. ಅವಳು ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಓಡಿ ಸಾಕ್ಷಿ ನುಡಿದಳು. ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ತಲುಪಿಸುವ ಕಾರ್ಯವು ಮಗ್ದಲದ ಮರಿಯಳ ಪಾಲಿಗೆ ಬಂದಿತು. ಅವಳ ಮಾತನ್ನು ಗಂಡಸರು ಮೊದಲು ನಂಬಲಿಲ್ಲವೆಂಬುದನ್ನೂ ಶುಭಸಂದೇಶವೇ ಮರೆಮಾಚದೆ ಹೇಳಿದೆ. 2016ರಲ್ಲಿ ಜಗದ್ಗುರು ಫ್ರಾನ್ಸಿಸರು ಜುಲೈ 22ರ ಅವಳ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಮಟ್ಟಕ್ಕೆ ಏರಿಸಿದರು.

ಹಾಗಾದರೆ ಸಭೆಯಲ್ಲಿ ಸ್ತ್ರೀಯರು ಮೌನವಾಗಿರಬೇಕೆಂದು ಸಂತ ಪೌಲರು ಬರೆದಿಲ್ಲವೇ ಎಂದು ಕೇಳುವವರುಂಟು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹದಿನಾಲ್ಕನೆಯ ಅಧ್ಯಾಯದಲ್ಲಿ ಆ ಮಾತಿದೆ, ನಿಜ. ಆದರೆ ಅದೇ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಸ್ತ್ರೀಯರು ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಅವರು ನಡೆಯುತ್ತಿದ್ದ ಸಂಗತಿಯೆಂದೇ ಎತ್ತಿಕೊಂಡಿದ್ದಾರೆ. ರೋಮಿನವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಫೆಬೆ, ಪ್ರಿಸ್ಕ, ಯೂನಿಯ ಮೊದಲಾದ ಸ್ತ್ರೀಯರನ್ನು ಹೆಸರು ಹಿಡಿದು ಗೌರವಿಸಿದ್ದಾರೆ. ಒಂದು ವಾಕ್ಯವನ್ನು ಬಾಯಿಪಾಠ ಮಾಡಿ ಉಳಿದುದನ್ನು ಮರೆತರೆ ಅದು ಧರ್ಮಗ್ರಂಥದ ದೋಷವಲ್ಲ, ಓದುವವರ ಅನುಕೂಲ.

ಧರ್ಮಸಭೆಯ ನಿಯಮಗಳೂ ಒಂದೇ ರೀತಿ ಉಳಿದುಬಂದಿಲ್ಲ. 1917ರ ಕಾನೂನು ಸಂಹಿತೆಯ ಪ್ರಕಾರ ಪುರುಷರು ದೊರೆಯದಾಗ ಮಾತ್ರ ಸ್ತ್ರೀಯು ಪೂಜೆಯ ಉತ್ತರಗಳನ್ನು ಹೇಳಬಹುದಾಗಿತ್ತು. ಅದೂ ದೂರದಿಂದ, ಬಲಿಪೀಠದ ಹತ್ತಿರ ಬಾರದೆ. ಬಾಣಂತಿಗೆ ನೀಡುತ್ತಿದ್ದ ಆಶೀರ್ವಾದವು ವಾಸ್ತವವಾಗಿ ಕೃತಜ್ಞತೆಯ ಪ್ರಾರ್ಥನೆ. ಆದರೂ ಜನರು ಅದನ್ನು ಮೈಲಿಗೆ ಕಳೆಯುವ ವಿಧಿಯೆಂದೇ ತಿಳಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಲಿಂಗಭೇದದಿಂದ ಬರುವ ತಾರತಮ್ಯವು ದೇವರ ಸಂಕಲ್ಪಕ್ಕೆ ವಿರುದ್ಧವೆಂದು ಸಾರಿತು. 1970ರಲ್ಲಿ ಆವಿಲಾದ ಸಂತ ತೆರೇಸಾ ಮತ್ತು ಸಿಯೆನಾದ ಸಂತ ಕ್ಯಾಥರೀನ್ ಧರ್ಮಸಭೆಯ ಪಂಡಿತರೆಂದು ಘೋಷಿತರಾದ ಮೊದಲ ಸ್ತ್ರೀಯರಾದರು. 1994ರಲ್ಲಿ ಬಾಲಿಕೆಯರು ಪೀಠಸೇವೆ ಮಾಡಲು ಅವಕಾಶವಾಯಿತು. 2016ರಲ್ಲಿ ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಗೆ ಸ್ತ್ರೀಯರೂ ಸೇರಿದರು. 2021ರ ಜನವರಿಯಲ್ಲಿ ವಾಚಕರ ಹಾಗೂ ಪೀಠಸೇವಕರ ಸ್ಥಿರ ಸೇವಾದೀಕ್ಷೆ ಸ್ತ್ರೀಯರಿಗೂ ತೆರೆಯಿತು. 2023ರ ಅಕ್ಟೋಬರದಲ್ಲಿ ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಿನೋದಿನಲ್ಲಿ ಸ್ತ್ರೀಯರು ಮೊದಲ ಬಾರಿಗೆ ಮತ ಚಲಾಯಿಸಿದರು.

ಯಾಜಕದೀಕ್ಷೆ ಪುರುಷರಿಗೆ ಮಾತ್ರವೆಂದು 1994ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಸ್ಪಷ್ಟಪಡಿಸಿದ್ದಾರೆ. ಅದರ ವಾದಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಆದರೆ ರೋಮಿನ ಬಾಗಿಲು ಮುಚ್ಚಿದೆಯೆಂದು ಹೇಳುತ್ತ, ನಮ್ಮ ಕೈಯಲ್ಲಿಯೇ ಬೀಗದಕೈ ಇರುವ ಬಾಗಿಲುಗಳನ್ನು ನಾವು ತೆರೆಯದೆ ಇದ್ದರೆ ಯಾರನ್ನು ದೂರಬೇಕು?

ಅಂಥ ಮೂರು ಬಾಗಿಲುಗಳನ್ನು ಹೆಸರಿಸುತ್ತೇವೆ.

ಮೊದಲನೆಯದು ಧರ್ಮಕೇಂದ್ರದ ಆಡಳಿತ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸಿನ ಸಮಿತಿ ಇರಲೇಬೇಕೆಂದು 1983ರ ಕಾನೂನು ಸಂಹಿತೆ ವಿಧಿಸಿದೆ. ಅದರಲ್ಲಾಗಲಿ ಪಾಲನಾ ಪರಿಷತ್ತಿನಲ್ಲಾಗಲಿ ಸ್ತ್ರೀಯರಿಗೆ ಯಾವ ನಿಷೇಧವೂ ಇಲ್ಲ. ಹಬ್ಬದ ಅಡುಗೆಗೆ ಎಷ್ಟು ಅಕ್ಕಿ ಬೇಕೆಂದು ನಮ್ಮನ್ನು ಕೇಳುತ್ತಾರೆ. ಹಬ್ಬದ ಹಣವನ್ನು ಹೇಗೆ ವೆಚ್ಚ ಮಾಡಬೇಕೆಂದೂ ಕೇಳಬಾರದೇ? ಹೆಸರಿಗೆ ಒಬ್ಬಳನ್ನು ಕೂಡಿಸಿ ಸಹಿ ಪಡೆಯುವುದು ಬೇರೆ, ಅವಳ ಮಾತನ್ನು ಕೇಳುವುದು ಬೇರೆ.

ಎರಡನೆಯದು ವಿಧವೆಯರ ಮಾನ. ನಮ್ಮ ಕ್ರೈಸ್ತ ಮನೆಗಳಲ್ಲಿಯೂ ಮದುವೆಯ ಶುಭಕಾರ್ಯಕ್ಕೆ ಮುತ್ತೈದೆಯರನ್ನು ಮುಂದೆ ಕರೆದು, ಮಗಳನ್ನು ಹೆತ್ತು ಸಾಕಿದ ವಿಧವೆ ತಾಯಿಯನ್ನು ಹಿಂದೆ ನಿಲ್ಲಿಸುವುದುಂಟು. ಯೇಸುಸ್ವಾಮಿಯ ಸಾರ್ವಜನಿಕ ಜೀವನದ ಕಾಲಕ್ಕೆ ಮಾತೆ ಮರಿಯಮ್ಮನವರು ವಿಧವೆಯಾಗಿದ್ದರೆಂದು ಧರ್ಮಸಭೆಯ ಪರಂಪರೆ ನಂಬುತ್ತದೆ. ಕಾನಾ ಊರಿನ ಮದುವೆಯಲ್ಲಿ ಅವರನ್ನು ಹಿಂದೆ ನಿಲ್ಲಿಸಿದ್ದರೆ ದ್ರಾಕ್ಷಾರಸ ಮುಗಿದುದನ್ನು ಗಮನಿಸುವವರು ಯಾರಿದ್ದರು? ಈ ಪದ್ಧತಿಯನ್ನು ಕಾಪಾಡುತ್ತಿರುವವರಲ್ಲಿ ಸ್ತ್ರೀಯರಾದ ನಾವೂ ಇದ್ದೇವೆ. ಇದನ್ನು ನಿಲ್ಲಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಮೂರನೆಯದು ಆಸ್ತಿಯ ಪಾಲು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಕ್ರೈಸ್ತನೊಬ್ಬನು ಮರಣಪತ್ರ ಬರೆಯದೆ ತೀರಿಕೊಂಡರೆ, ಹೆಂಡತಿ ಮಕ್ಕಳಿದ್ದಲ್ಲಿ ವಿಧವೆಗೆ ಮೂರರಲ್ಲಿ ಒಂದು ಪಾಲು, ಉಳಿದುದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಕೇರಳದ ಶ್ರೀಮತಿ ಮೇರಿ ರಾಯ್ ಅವರು ಹೂಡಿದ ಮೊಕದ್ದಮೆಯಲ್ಲಿ 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾಯಿದೆ ತಿರುವಾಂಕೂರಿನ ಸಿರಿಯನ್ ಕ್ರೈಸ್ತರಿಗೂ ಅನ್ವಯಿಸುವುದೆಂದು ತೀರ್ಪಿತ್ತಿತು. ಕಾಯಿದೆಗೂ ನೂರು ವರ್ಷ ತುಂಬಿದೆ. ಆದರೆ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಇಂದಿಗೂ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುತ್ತಾರೆ. ಕೇಳಿದರೆ ಹೊಲ ಬೇಡ, ತವರು ಉಳಿದರೆ ಸಾಕು ಎನ್ನುತ್ತಾರೆ. ಪಾಲು ಕೇಳಿದ ಮಗಳಿಗೆ ಹಬ್ಬದ ಕರೆ ಬಾರದೆಂಬ ಭಯ ಅವರನ್ನು ಕಾಡುತ್ತದೆ. ಸಹೋದರರೇ, ತವರಿನ ಪ್ರೀತಿಗೆ ಬೆಲೆ ಕಟ್ಟಿ, ಆ ಬೆಲೆಯನ್ನು ತಂಗಿಯ ಕೈಯಿಂದ ಹೊಲದ ರೂಪದಲ್ಲಿ ತೆಗೆದುಕೊಳ್ಳುವುದು ಕ್ರೈಸ್ತ ಧರ್ಮವೇ? ಅದೇ ಕೈಗಳಿಂದ ಪರಮಪ್ರಸಾದವನ್ನು ಸ್ವೀಕರಿಸುವಾಗ ಮನಸ್ಸು ನಮ್ಮನ್ನು ಕೇಳದಿರುವುದೇ?

ಪುರುಷರು ಕಟ್ಟಿದ ಕಟ್ಟಳೆಗಳಿಂದ ಬೇಸತ್ತು, ವಿದ್ಯಾವಂತ ಹೆಣ್ಣುಮಕ್ಕಳಲ್ಲಿ ಕೆಲವರು ಧರ್ಮವೇ ಬೇಡವೆನ್ನುತ್ತಿದ್ದಾರೆ. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಅವರ ನೋವು ನಿಜವಾದುದು. ಆದರೆ ಕಟ್ಟಳೆ ಬೇರೆ, ಕ್ರಿಸ್ತರು ಬೇರೆ ಎಂಬುದನ್ನು ನಮ್ಮ ತಾಯಂದಿರು ಓದುಬರಹವಿಲ್ಲದೆಯೂ ಅರಿತಿದ್ದರು. ಮೈಲಿಗೆಯೆಂದು ದೂರವಿಟ್ಟವರ ನಡುವೆಯೂ ಆ ಸ್ತ್ರೀ ಸ್ವಾಮಿಯ ಉಡುಪನ್ನು ಮುಟ್ಟಿದಂತೆ, ಇವರೂ ಕಟ್ಟಳೆಗಳ ಜಂಗುಳಿಯನ್ನು ದಾಟಿ ಅವರನ್ನು ಮುಟ್ಟಿದರು. ಆದುದರಿಂದಲೇ ವಿಶ್ವಾಸವು ನಮ್ಮವರೆಗೆ ಬಂದಿದೆ. ನಮ್ಮ ಹೆಣ್ಣುಮಕ್ಕಳಿಗೆ ಆ ಜಂಗುಳಿಯನ್ನು ತಳ್ಳಿಕೊಂಡು ಬರುವ ಕಷ್ಟ ಬಾರದಂತೆ ದಾರಿ ಬಿಡುವುದು ಮುಂದಿನ ನೂರು ವರ್ಷಗಳ ಕೆಲಸ.

ಅದಕ್ಕೆ ಬೇಕಾದ ಮನಸ್ಸನ್ನು ಮಾತೆ ಮರಿಯಮ್ಮನವರ ಪ್ರಾರ್ಥನಾಸಹಾಯದಿಂದ ಪ್ರಭುವು ನಮಗೆಲ್ಲರಿಗೂ ದಯಪಾಲಿಸಲಿ ಎಂದು ಬೇಡುತ್ತೇವೆ.