ಪಡಸಾಲೆಗೊಂದಿಷ್ಟು ಹಸಿರು

ಮನೆಯೊಳಗೆ ಗಿಡ ಬೆಳೆಸುವ ಮಾತನ್ನು ನಮ್ಮ ಮುಳವಾಡದಲ್ಲಿ ಎತ್ತಿದರೆ ಹಿರಿಯರು ಮೊದಲು ನಗುತ್ತಾರೆ. ಹೊಲದ ಜೋಳಕ್ಕೇ ಮುಗಿಲನ್ನು ನೋಡುತ್ತ ಕುಳಿತ ಊರಿನಲ್ಲಿ ಪಡಸಾಲೆಯ ಮೂಲೆಗೆ ನೀರು ಹಾಕುವವರುಂಟೆ ಎಂಬುದು ಅವರ ಪ್ರಶ್ನೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ನೆಚ್ಚುವಂತಹದಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಆಲಮಟ್ಟಿಯ ಹಿನ್ನೀರನ್ನು ಎತ್ತುವ ಏತ ನೀರಾವರಿ ಯೋಜನೆಗೆ ನಮ್ಮೂರಿನದೇ ಹೆಸರಿದ್ದರೂ, ಮನೆಗೆ ನೀರು ತುಂಬುವ ಹೆಣ್ಣುಮಗಳಿಗೆ ಪ್ರತಿಯೊಂದು ತಂಬಿಗೆಯ ಲೆಕ್ಕವೂ ಗೊತ್ತಿರುತ್ತದೆ. ಆಕೆಯ ಲೆಕ್ಕಕ್ಕೆ ಒಪ್ಪುವಂತಹ ಗಿಡಗಳ ಮಾತನ್ನು ಮಾತ್ರ ಈ ಹೊತ್ತು ಆಡಬೇಕೆಂದಿದ್ದೇನೆ.

ಮನೆಯೊಳಗಿನ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಬಹಳ. ನೆರಳಿನಲ್ಲಿರುವ ಗಿಡ ನಿಧಾನವಾಗಿ ಉಣ್ಣುತ್ತದೆ, ನಿಧಾನವಾಗಿ ಕುಡಿಯುತ್ತದೆ. ನಿತ್ಯಪೂಜೆಯಂತೆ ದಿನವೂ ಒಂದು ತಂಬಿಗೆ ಸುರಿದರೆ ಬೇರಿನ ಸುತ್ತಲಿನ ಗಾಳಿ ಹೊರಟುಹೋಗಿ ಬೇರು ಕೊಳೆಯುತ್ತದೆ. ಬೇರು ಕೊಳೆತ ಗಿಡ ಬಾಡಿದಂತೆ ಕಾಣುತ್ತದೆ. ಬಾಡಿತೆಂದು ಮತ್ತೊಂದು ತಂಬಿಗೆ ಬೀಳುತ್ತದೆ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಬೇಕು. ಅಲ್ಲಿ ತೇವವಿದ್ದರೆ ಅಂದು ನೀರು ಬೇಡ. ಅಕ್ಕಿ, ಬೇಳೆ ತೊಳೆದ ನೀರನ್ನು ಅಂದಂದೇ ಹಾಕಿದರೆ ನಾಲ್ಕಾರು ಕುಂಡಗಳ ಸಂಸಾರ ನಡೆದುಹೋಗುತ್ತದೆ. ಆದರೆ ಶುದ್ಧ ನೀರಿನ ಘಟಕಗಳಿಂದ ಹೊರಬೀಳುವ ತ್ಯಾಜ್ಯ ನೀರು ಪುಕ್ಕಟೆ ಸಿಕ್ಕರೂ ಬೇಡ. ಕೊಳವೆಬಾವಿಯ ಉಪ್ಪೆಲ್ಲ ಅದರಲ್ಲಿ ಮಡುಗಟ್ಟಿರುತ್ತದೆ. ಕುಂಡದ ಮೈಮೇಲೆ ಬಿಳಿಯ ಪೊರೆ ಕಟ್ಟುವುದು, ಎಲೆಯ ತುದಿ ಸುಟ್ಟಂತಾಗುವುದು ಇಂತಹ ನೀರಿನ ಗುರುತು. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಒಂದು ಹಂಡೆಯಲ್ಲಿ ಹಿಡಿದಿಟ್ಟರೆ ಗಿಡಕ್ಕೆ ಅದಕ್ಕಿಂತ ಉತ್ತಮವಾದದ್ದಿಲ್ಲ.

ಇನ್ನು ಬೆಳಕು. ನಮ್ಮ ಹಳೆಯ ಮನೆಗಳ ಗೋಡೆ ದಪ್ಪ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದೋ ಎರಡೋ ಬೆಳಕಿಂಡಿ. ಬೇಸಿಗೆಯಲ್ಲಿ ಒಳಗೆ ತಂಪು. ಆದರೆ ಗಿಡಕ್ಕೆ ತಂಪು ಸಾಲದು. ಮನುಷ್ಯನ ಕಣ್ಣು ಕತ್ತಲೆಗೆ ಬೇಗ ಹೊಂದಿಕೊಳ್ಳುವುದರಿಂದ ಕೋಣೆಯಲ್ಲಿ ಸಾಕಷ್ಟು ಬೆಳಕಿದೆ ಎಂದು ನಾವು ಭ್ರಮಿಸುತ್ತೇವೆ. ಮಧ್ಯಾಹ್ನದ ಬಯಲಿನಲ್ಲಿ ಬೆಳಕಿನ ಅಳತೆ ಒಂದು ಲಕ್ಷ ಲಕ್ಸ್‌ನಷ್ಟಿದ್ದರೆ, ಪಡಸಾಲೆಯ ಒಳಮೂಲೆಯಲ್ಲಿ ಕೆಲವು ನೂರು ಕೂಡ ಇರುವುದು ಕಷ್ಟ. ಅದನ್ನು ಅಳೆಯಲು ಉಪಕರಣ ಬೇಕಿಲ್ಲ. ಗಿಡವಿಡಬೇಕೆಂದ ಸ್ಥಳದಲ್ಲಿ ಹಗಲು ಬಿಳಿಯ ಹಾಳೆ ಹಾಸಿ, ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಅಲ್ಲಿ ಬಹಳಷ್ಟು ಗಿಡ ಬದುಕುತ್ತವೆ. ಮಸುಕಾಗಿ ಬಿದ್ದರೆ ಕೆಲವೇ ಬದುಕುತ್ತವೆ. ನೆರಳೇ ಬೀಳದಿದ್ದರೆ ಅಲ್ಲಿ ದೀಪದ ಕಂಬ ಇಡುವುದು ಲೇಸು.

ಮಣ್ಣಿನ ವಿಷಯದಲ್ಲಿ ನಮ್ಮವರಿಗೆ ಒಂದು ಅಭಿಮಾನವಿದೆ. ಬಿಳಿಜೋಳವನ್ನು ಹಿಂಗಾರಿನ ತೇವದಲ್ಲಿಯೇ ಬೆಳೆಸಿಕೊಡುವ ಎರೆಮಣ್ಣು ಕುಂಡದ ಗಿಡಕ್ಕೆ ಏಕೆ ಆಗದು ಎನ್ನುತ್ತಾರೆ. ಹೊಲದಲ್ಲಿ ಅದರ ಗುಣವಾದದ್ದೇ ಕುಂಡದಲ್ಲಿ ದೋಷವಾಗುತ್ತದೆ. ಎರೆಮಣ್ಣಿನ ಜಿಗುಟು ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಹೊಲದಲ್ಲಿ ಕಾಲು ಸಿಕ್ಕುವಂತಹ ಬಿರುಕುಗಳನ್ನು ನೀವೆಲ್ಲ ಕಂಡಿದ್ದೀರಿ. ಕುಂಡದಲ್ಲಿ ಅದು ಕುಗ್ಗಿ ಅಂಚನ್ನು ಬಿಟ್ಟು ನಿಲ್ಲುತ್ತದೆ; ಸುರಿದ ನೀರು ಆ ಸಂದಿಯಿಂದ ಜಾರಿ ತಳದ ತೂತಿನಿಂದ ಹರಿದುಹೋಗುತ್ತದೆ, ನಡುವಿನ ಬೇರು ಒಣಗಿಯೇ ಉಳಿಯುತ್ತದೆ. ಮತ್ತೆ ಮತ್ತೆ ನೀರು ಹಾಕಿದರೆ ಅದೇ ಮಣ್ಣು ಕೆಸರಾಗಿ ಉಸಿರು ಕಟ್ಟಿಸುತ್ತದೆ. ಆದ್ದರಿಂದ ಒಂದು ಪಾಲು ಮಸಾರಿ ಮಣ್ಣು, ಒಂದು ಪಾಲು ದಪ್ಪ ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿಕೊಳ್ಳಬೇಕು. ಹಸಿ ಸಗಣಿ ಕೂಡದು.

ಕುಂಡವನ್ನು ಕೊಂಡು ತರಲೇಬೇಕೆಂದಿಲ್ಲ. ಸಮೀಪದ ಕೊಲ್ಹಾರದ ಮೊಸರು ಎಲ್ಲರಿಗೂ ಪರಿಚಿತ. ಅದು ಬರುವ ಮಣ್ಣಿನ ಗಡಿಗೆಯನ್ನು ನಾವು ಉಂಡು ಎಸೆಯುತ್ತೇವೆ. ಅದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೋರಲು ಹಾಕಿ, ತಳದ ನಡುವೆ ಮೊಳೆಯನ್ನಿಟ್ಟು ಮೆಲ್ಲಗೆ ತಿರುಗಿಸುತ್ತ ತೂತು ಕೊರೆಯಬಹುದು. ಮಣ್ಣಿನ ಗಡಿಗೆ ಮೈಯೆಲ್ಲ ಬೆವರುತ್ತದೆ. ಲೋಳೆಸರದಂತಹ ಒಣ ಸ್ವಭಾವದ ಗಿಡಕ್ಕೆ ಅದು ಹಿತ. ನೀರು ಬೇಡುವ ಬಳ್ಳಿಗೆ ಪ್ಲಾಸ್ಟಿಕ್ಕಿನ ಡಬ್ಬಿಯೇ ಮಿತವ್ಯಯದ್ದು.

ಯಾವ ಗಿಡಗಳು? ಆಫ್ರಿಕದ ಪಶ್ಚಿಮ ಭಾಗದಿಂದ ಬಂದ, ಕತ್ತಿಯಂತೆ ನೆಟ್ಟಗೆ ನಿಲ್ಲುವ ಸ್ನೇಕ್ ಪ್ಲಾಂಟ್ ಮಸುಕು ಬೆಳಕಿನಲ್ಲಿಯೂ ಹದಿನೈದು ದಿನಕ್ಕೊಮ್ಮೆ ನೀರು ಕಂಡರೆ ತೃಪ್ತಿಯಾಗಿರುತ್ತದೆ. ಮನಿಪ್ಲಾಂಟ್ ಪೆಸಿಫಿಕ್ ದ್ವೀಪದ್ದು. ಹೆಸರಿಗೂ ಹಣಕ್ಕೂ ಸಂಬಂಧವಿಲ್ಲ, ಅದನ್ನು ಕದ್ದು ತಂದರೇ ಹುಲುಸಾಗುವುದೆಂಬ ನಂಬಿಕೆಗಂತೂ ನೆರೆಹೊರೆಯ ಸ್ನೇಹವೇ ಬಲಿ. ಅದರ ಎಲೆಯನ್ನು ಮಕ್ಕಳು ಕಚ್ಚಿದರೆ ಬಾಯಿ ಉರಿಯುತ್ತದೆ, ಎತ್ತರದಲ್ಲಿಡಿ. ತುಳಸಿಗೆ ಅಂಗಳದ ಕಟ್ಟೆಯೇ ಸರಿ. ಬಿಸಿಲಿಲ್ಲದೆ ಅದು ಬದುಕದು. ನೆರಳನ್ನೇ ಬಯಸುವ ನಮ್ಮ ಎಲೆಬಳ್ಳಿಯನ್ನು ಮಾತ್ರ ಅಲಂಕಾರಕ್ಕೆ ಯಾರೂ ಎಣಿಸುವುದಿಲ್ಲ. ತೋಟದಲ್ಲಿ ಅಗಸೆ, ನುಗ್ಗೆಗಳ ನೆರಳಿನಲ್ಲಿ ಬೆಳೆಯುವ ಅದು ಬಚ್ಚಲಿನ ಕಿಟಕಿಯ ತೇವದಲ್ಲಿಯೂ ಹಬ್ಬುತ್ತದೆ. ಊಟವಾದ ಮೇಲೆ ಉಪಯೋಗಕ್ಕೂ ಬರುತ್ತದೆ.

ನನ್ನ ಕಿಟಕಿಯಲ್ಲಿರುವ ದೊಡ್ಡಪತ್ರೆಯ ಮೂಲ ಈಗ ನೀರಿನಡಿ ಇದೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟು 2006ರಲ್ಲಿ ಲೋಕಾರ್ಪಣೆಯಾಗುವ ಹೊತ್ತಿಗೆ ಹಳೆಯ ಕೊಲ್ಹಾರವೂ ಕೃಷ್ಣೆಯ ದಂಡೆಯ ಅನೇಕ ಹಳ್ಳಿಗಳೂ ಹಿನ್ನೀರಿಗೆ ಸಂದಿದ್ದವು. ಅಂತಹ ಒಂದು ಹಳ್ಳಿಯಿಂದ ಎದ್ದುಬಂದ ನಮ್ಮ ಸೋದರತ್ತೆ ಕಂಬ, ತೊಲೆ, ಬೀಸುವ ಕಲ್ಲುಗಳ ಜೊತೆಗೆ ಹಿತ್ತಿಲಿನ ದೊಡ್ಡಪತ್ರೆಯ ನಾಲ್ಕು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಪುನರ್ವಸತಿ ಕೇಂದ್ರದ ಹೊಸ ಮನೆಗೆ ಹಿತ್ತಿಲಿರಲಿಲ್ಲ. ಆದ್ದರಿಂದ ಅದು ಒಳಗೆ ಬಂತು. ಮೊಣಕಾಲು ಸೋತು ಹೊರಗೆ ಹೋಗಲಾರದ ವರ್ಷಗಳಲ್ಲಿ ಅವರು ಅದರ ಚಿಗುರೆಣಿಸುತ್ತ ಕೂಡುತ್ತಿದ್ದರು. “ಊರಾಗಿಂದು ಇದೊಂದು ಬೆಳೀತದ” ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಬಂದ ನೆಂಟರೆಲ್ಲ ಒಂದೊಂದು ಕಡ್ಡಿ ಮುರಿದುಕೊಂಡು ಹೋದರು. ಗಿಡ ಬರಿದಾಗಲಿಲ್ಲ, ಮುರಿದಲ್ಲೆಲ್ಲ ಎರಡು ಕವಲೊಡೆಯಿತು.

ಮಲೆನಾಡಿನಿಂದ ಜರಿಗಿಡ ತಂದು ಇಲ್ಲಿಯ ಒಣಗಾಳಿಗೆ ಸುಟ್ಟುಕೊಂಡವರು ಬಹಳ. ಅಂತಹವರು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡನನ್ನು ನೆನೆಯಬೇಕು. 1829ರ ಸುಮಾರಿಗೆ, ಅವನು ಪತಂಗದ ಕೋಶವನ್ನಿಟ್ಟಿದ್ದ ಮುಚ್ಚಿದ ಸೀಸೆಯ ಹಸಿಮಣ್ಣಿನಲ್ಲಿ ಜರಿಗಿಡ ತಾನಾಗಿ ಮೊಳೆಯಿತು. ಹೊರಗಿನ ಹೊಗೆಯಲ್ಲಿ ಬದುಕದ ಗಿಡ ಗಾಜಿನೊಳಗೆ ತನ್ನ ತೇವವನ್ನು ತಾನೇ ಕುಡಿದು ಬದುಕಿತು. ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿ ನಮಗೂ ಸಾಕು. ನೇರ ಬಿಸಿಲು ಮಾತ್ರ ತಾಗಬಾರದು, ಒಳಗಿನದು ಬೆಂದುಹೋಗುತ್ತದೆ.

ಗಿಡಗಳು ಕೋಣೆಯ ಗಾಳಿಯನ್ನು ಶುದ್ಧಿಮಾಡುತ್ತವೆಂದು ಮಾರುವವರು ಹೇಳುತ್ತಾರೆ. ಅಮೆರಿಕದ ನಾಸಾ ಸಂಸ್ಥೆಯ 1989ರ ವರದಿ ಇದರ ಮೂಲ. ಆದರೆ ಆ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಗಳಲ್ಲಿ. ಇಂತಹ ಪ್ರಯೋಗಗಳನ್ನೆಲ್ಲ 2019ರಲ್ಲಿ ಮರಳಿ ತೂಗಿ ನೋಡಿದವರು, ಮನೆಯಲ್ಲಿ ಆ ಫಲ ಕಾಣಲು ಒಂದೊಂದು ಚದರ ಮೀಟರಿಗೆ ಹತ್ತಾರು, ನೂರಾರು ಗಿಡ ಬೇಕಾದಾವೆಂದರು. ಕಿಟಕಿ ತೆರೆಯುವುದು ಅಗ್ಗ.

ಎಲೆಯ ಮೇಲೆ ಕೂಡುವ ಧೂಳನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ. ಕುಂಡದಡಿಯ ತಟ್ಟೆಯ ನೀರನ್ನು ಅಂದೇ ಚೆಲ್ಲಿ. ವಾರ ನಿಂತರೆ ಡೆಂಗಿಯ ಸೊಳ್ಳೆ ಅಲ್ಲಿಯೇ ಬೆಳೆದು ಹಾರುತ್ತದೆ. ಲಗ್ನಕ್ಕೋ ಜಾತ್ರೆಗೋ ಎಂಟು ದಿನ ಊರು ಬಿಡುವುದಾದರೆ ಕುಂಡಗಳನ್ನೆಲ್ಲ ತಂಪಾದ ಮೂಲೆಗೆ ಒತ್ತಾಗಿ ಸೇರಿಸಿ, ನಡುವೆ ಕಟ್ಟೆಯ ಮೇಲೆ ಒಂದು ಬಕೀಟು ನೀರಿಟ್ಟು ಬಾಯಿಗೆ ಬಟ್ಟೆ ಕಟ್ಟಿ. ಹಳೆಯ ಹತ್ತಿಯ ಸೀರೆಯ ಅಂಚನ್ನು ಬತ್ತಿಯಂತೆ ಹೊಸೆದು, ಒಂದು ತುದಿ ನೀರಿನ ತಳ ಮುಟ್ಟುವಂತೆಯೂ ಇನ್ನೊಂದು ತುದಿ ಬೇರಿನ ಬಳಿ ಮಣ್ಣಿಗಿಳಿಯುವಂತೆಯೂ ಹೂತುಬಿಡಿ. ಲೋಳೆಸರಕ್ಕೆ ಅದೂ ಬೇಡ.