ಕರಡಿಯ ನೆರೆಯಲ್ಲಿ ಎರಡು ರಾತ್ರಿ

(ಓದುಗರ ಬಳಗವೊಂದರ ಭಾನುವಾರದ ಸಭೆಯಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಭಾಷಣ ಮಾಡಿ ಅಭ್ಯಾಸವಿಲ್ಲದವರು ಮನೆಯ ಸುದ್ದಿಯಿಂದ ಶುರು ಮಾಡುವುದು ಕ್ಷೇಮ. ನಾನೂ ಹಾಗೆಯೇ ಮಾಡುತ್ತೇನೆ. ನನ್ನ ದೊಡ್ಡಮ್ಮನ ಮಗಳು ಅಮೆರಿಕದಲ್ಲಿದ್ದಾಳೆ. ಕಳೆದ ಬೇಸಿಗೆಯಲ್ಲಿ ಅಕ್ಕ, ಭಾವ, ಇಬ್ಬರು ಮಕ್ಕಳು ಯೆಲ್ಲೋಸ್ಟೋನ್ ಸರೋವರದ ಹತ್ತಿರ ಡೇರೆ ಹಾಕಿ ಎರಡು ರಾತ್ರಿ ಕಳೆದರು. ಮೊದಲ ರಾತ್ರಿ ಊಟವಾದ ಮೇಲೆ ಚಿತ್ರಾನ್ನದ ಪಾತ್ರೆಯನ್ನೂ ದೊಡ್ಡಮ್ಮ ಕಳಿಸಿದ್ದ ಉಪ್ಪಿನಕಾಯಿ ಡಬ್ಬಿಯನ್ನೂ ಮೇಜಿನ ಮೇಲೆಯೇ ಬಿಟ್ಟು ಮಲಗಿದರು. ಸ್ವಲ್ಪ ಹೊತ್ತಿಗೆ ಟಾರ್ಚ್ ಹಿಡಿದ ರೇಂಜರ್ ಒಬ್ಬರು ಬಂದು ಎಬ್ಬಿಸಿದರು. ಪಾತ್ರೆ, ಡಬ್ಬಿ, ನೀರಿನ ಬಾಟಲಿ, ಕೊನೆಗೆ ಮಕ್ಕಳ ಟೂತ್‌ಪೇಸ್ಟ್ ಕೂಡ ಕಾರಿನೊಳಗೆ ಸೇರಬೇಕಾಯಿತು.

‘ದುಡ್ಡು ಕೊಟ್ಟು ಜಾಗ ತಗೊಂಡಿದೀವಿ. ನಮ್ಮ ಮೇಜಿನ ಮೇಲೆ ನಮ್ಮ ಉಪ್ಪಿನಕಾಯಿ ಇಟ್ರೆ ಅವನಿಗೇನಂತೆ?’ ಎಂದು ಅಕ್ಕ ಫೋನಿನಲ್ಲಿ ರೇಗಿದಳು. ಅವಳಿಗೆ ಉತ್ತರ ಹುಡುಕಲು ಹೋಗಿ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಆ ನೆಲವನ್ನು ನಾನು ಕಣ್ಣಾರೆ ಕಂಡಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಯೆಲ್ಲೋಸ್ಟೋನ್ ಸರೋವರ ಇರುವುದು ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ. ಸಮುದ್ರ ಮಟ್ಟದಿಂದ ಸುಮಾರು 2,350 ಮೀಟರ್ ಮೇಲೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಎತ್ತರದಲ್ಲಿ ಸುಮಾರು 350 ಚದರ ಕಿಲೋಮೀಟರ್ ನೀರು ನಿಂತಿದೆ ಎಂದುಕೊಳ್ಳಿ. ಸುತ್ತಲೂ ಪೈನ್ ಮರಗಳ ಕಾಡು. ಚಳಿಗಾಲದಲ್ಲಿ ಸರೋವರ ಪೂರ್ತಿ ಹೆಪ್ಪುಗಟ್ಟುತ್ತದೆ. 1872ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೆ ಹನ್ನೊಂದು ಸಾವಿರ ವರ್ಷ ಮೊದಲಿನಿಂದಲೂ ಅಲ್ಲಿ ಮನುಷ್ಯರು ಬೀಡುಬಿಡುತ್ತಿದ್ದರು. ಆ ಮೂಲನಿವಾಸಿಗಳಿಗೆ ಅದು ವಿಹಾರವಾಗಿರಲಿಲ್ಲ, ಬದುಕಾಗಿತ್ತು. ಉದ್ಯಾನವಾದ ಮೇಲೆ ಅವರನ್ನು ಅಲ್ಲಿಂದ ಹೊರಗಿಟ್ಟರು ಎಂಬುದನ್ನೂ ಮರೆಯಬಾರದು.

ವಿಹಾರಕ್ಕೆಂದು ಡೇರೆ ಹಾಕುವ ಹುಚ್ಚು ಅಮೆರಿಕದ ಪಟ್ಟಣಿಗರಿಗೆ ಹತ್ತಿದ್ದು ದೇಶದ ಇನ್ನೊಂದು ತುದಿಯಲ್ಲಿ. ಬಾಸ್ಟನ್ನಿನ ವಿಲಿಯಂ ಮರ್ರೆ ಎಂಬ ಪಾದ್ರಿ 1869ರಲ್ಲಿ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳ ಸರೋವರಗಳನ್ನು ಕುರಿತು ಒಂದು ಪುಸ್ತಕ ಬರೆದರು. ಅದನ್ನೋದಿ ಆ ಬೇಸಿಗೆಯಲ್ಲೇ ಜನ ಕಾಡಿಗೆ ನುಗ್ಗಿದರು. ಏನೂ ತಿಳಿಯದೆ ಹೋಗಿ ಮಳೆ, ನೊಣಗಳ ಕೈಗೆ ಸಿಕ್ಕವರನ್ನು ‘ಮರ್ರೆಯ ಮೂರ್ಖರು’ ಎಂದು ಪತ್ರಿಕೆಗಳು ಗೇಲಿ ಮಾಡಿದವು. ಆದರೆ ಆಗ ಕಾಡಿಗೆ ಹೋಗಲು ಹಣವೂ ಬಿಡುವೂ ಬೇಕಿತ್ತು. ಅದನ್ನು ಸಾಮಾನ್ಯರಿಗೆ ಎಟುಕಿಸಿದ್ದು ಮೋಟಾರು ಕಾರು. 1915ರ ಆಗಸ್ಟ್‌ನಲ್ಲಿ ಯೆಲ್ಲೋಸ್ಟೋನ್ ತನ್ನ ಬಾಗಿಲನ್ನು ಕಾರುಗಳಿಗೆ ತೆರೆಯಿತು.

ಕಾರಿನಲ್ಲಿ ಬಂದವರು ಮಾಡುತ್ತಿದ್ದದ್ದೇನು? ಚೆನ್ನಾಗಿ ಕಂಡ ಮರದ ಬುಡಕ್ಕೆ ನೇರವಾಗಿ ಕಾರು ಓಡಿಸುವುದು, ಕಾರಿಗೂ ಮರಕ್ಕೂ ಹಗ್ಗ ಬಿಗಿದು ಡೇರೆ ಕಟ್ಟುವುದು, ಪಕ್ಕದಲ್ಲೇ ಒಲೆ ಹೂಡುವುದು. ಮರುವರ್ಷ ಆ ಜಾಗ ಕೊಳಕೆನಿಸಿದರೆ ಪಕ್ಕದ ಮರ. ದೇಶದ ಉದ್ಯಾನಗಳಲ್ಲೆಲ್ಲ ಇದೇ ಕಥೆ. ಯಾರೂ ಮರ ಕಡಿಯಲಿಲ್ಲ. ಆದರೂ ಮರಗಳು ಸಾಯತೊಡಗಿದವು.

ಏಕೆ ಎಂದು ವಿವರಿಸಿದವರು ಎಮಿಲಿಯೊ ಮೈನೆಕೆ ಎಂಬ ಸಸ್ಯರೋಗ ತಜ್ಞರು. 1920ರ ದಶಕದಲ್ಲಿ ಅವರು ಕ್ಯಾಲಿಫೋರ್ನಿಯಾದ ದೈತ್ಯ ಮರಗಳ ಕಾಡುಗಳಲ್ಲಿ ಓಡಾಡಿ ಪರೀಕ್ಷೆ ನಡೆಸಿದರು. ಅವರು ಕಂಡುಕೊಂಡದ್ದು ಸರಳ ಸಂಗತಿ. ಕಾಡಿನ ಮಣ್ಣು ಸಡಿಲವಾಗಿರುತ್ತದೆ. ಕಣಕಣಗಳ ನಡುವಿನ ಸಂದಿಯಲ್ಲಿ ಗಾಳಿಯಿರುತ್ತದೆ, ನೀರು ಇಳಿಯುತ್ತದೆ. ಮರಕ್ಕೆ ಆಹಾರ ಹೀರುವ ಎಳೆಬೇರುಗಳು ಹೆಚ್ಚಾಗಿ ಇರುವುದು ಈ ಮೇಲ್ಪದರದಲ್ಲಿಯೇ. ಚಕ್ರ ಮತ್ತು ಕಾಲುಗಳ ತುಳಿತಕ್ಕೆ ಮಣ್ಣು ಗಟ್ಟಿಯಾದರೆ ಬೇರಿಗೆ ಉಸಿರೂ ಇಲ್ಲ, ನೀರೂ ಇಲ್ಲ. ಮರ ಕೂಡಲೇ ಸಾಯುವುದಿಲ್ಲ. ಕೆಲವು ವರ್ಷಗಳ ಮೇಲೆ ತುದಿಯಿಂದ ಒಣಗುತ್ತಾ ಬರುತ್ತದೆ. ಆ ಹೊತ್ತಿಗೆ ಅದನ್ನು ಕೊಂದವರು ಎಂದೋ ಊರಿಗೆ ಹೋಗಿ, ಅದೇ ಮರದ ಕೆಳಗೆ ತೆಗೆಸಿಕೊಂಡ ಫೋಟೊಗೆ ಕಟ್ಟು ಹಾಕಿಸಿರುತ್ತಾರೆ.

ಜನರನ್ನು ಬರಬೇಡಿ ಎನ್ನುವಂತಿರಲಿಲ್ಲ. 1932ರಲ್ಲಿ ಮೈನೆಕೆ ಒಂದು ಉಪಾಯ ಮುಂದಿಟ್ಟರು. ಕಾಡಿನೊಳಗೆ ಬಳಸಿ ಬರುವ ಏಕಮುಖ ರಸ್ತೆ. ಅದರಿಂದ ಓರೆಯಾಗಿ ಒಡೆಯುವ ಚಿಕ್ಕ ಚಿಕ್ಕ ಕವಲುಗಳು. ಒಂದು ಕವಲು ಒಂದು ಕುಟುಂಬದ ಕಾರಿಗೆ. ಕಾರು ಅದನ್ನು ದಾಟಿ ಹೋಗದಂತೆ ದೊಡ್ಡ ಕಲ್ಲು ಅಥವಾ ಮರದ ದಿಮ್ಮಿ. ಡೇರೆಗೆ ಗೊತ್ತಾದ ಜಾಗ. ಮೇಜೂ ಒಲೆಯೂ ಅಲುಗಾಡಿಸಲಾಗದಂತೆ ನೆಲಕ್ಕೆ ಊರಿದವು. ಎರಡು ಜಾಗಗಳ ನಡುವೆ ಪೊದೆಗಳ ಮರೆ. ಕಾರನ್ನು ಕಟ್ಟಿಹಾಕಿದರೆ ಮನುಷ್ಯ ತಾನಾಗಿ ಅದರ ಸುತ್ತಲೇ ಇರುತ್ತಾನೆ ಎಂಬುದು ಅವರ ಲೆಕ್ಕಾಚಾರ.

1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ನಿರುದ್ಯೋಗಿ ಯುವಕರಿಗಾಗಿ ಕಾಡು ಕೆಲಸದ ಯೋಜನೆಯೊಂದನ್ನು ಆರಂಭಿಸಿದರು. 1942ರವರೆಗೆ ನಡೆದ ಆ ಯೋಜನೆಯ ಹುಡುಗರು ದೇಶದ ಉದ್ದಗಲಕ್ಕೂ ಇದೇ ಮಾದರಿಯ ಕ್ಯಾಂಪುಗಳನ್ನು ಕಟ್ಟಿದರು. ಇವತ್ತಿಗೂ ಅಲ್ಲಿ ಸಂಖ್ಯೆ ಬರೆದ ಗೂಟ, ಕವಲು, ಮೇಜು, ಒಲೆ ಇವೇ ಇವೆ. ಅಕ್ಕ ‘ನಮ್ಮ ಮೇಜು’ ಎಂದಳಲ್ಲ, ಆ ಮೇಜು ಅಲ್ಲಿರುವುದು ಅವಳ ಅನುಕೂಲಕ್ಕೆ ಎಷ್ಟೋ, ಮರದ ಬೇರಿಗಾಗಿಯೂ ಅಷ್ಟೇ!

ಇನ್ನು ಆರ್‌ವಿಗಳ ಮಾತು. ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲ ಇರುವ ಗಾಲಿಯ ಮೇಲಿನ ಮನೆ ಇದು. ಕಾರಿನ ಹಿಂದೆ ಎಳೆದೊಯ್ಯುವ ಬಗೆಯೂ ಉಂಟು, ಬಸ್ಸಿನಂತೆ ತಾನೇ ಓಡುವ ಬಗೆಯೂ ಉಂಟು. ಅಡುಗೆ-ಸ್ನಾನದ ಕೊಳೆನೀರಿಗೆ ಒಂದು ತೊಟ್ಟಿ, ಶೌಚಕ್ಕೆ ಇನ್ನೊಂದು. ಅವನ್ನು ಗೊತ್ತುಪಡಿಸಿದ ಜಾಗದಲ್ಲೇ ಖಾಲಿ ಮಾಡಬೇಕು. ಹಳೆಯ ಕಾಲದ ಕಾರಿನ ಅಳತೆಗೆ ಮಾಡಿದ ಕವಲುಗಳಲ್ಲಿ ಈ ಗಾಡಿಗಳು ಹಿಡಿಸುವುದಿಲ್ಲ. ಆದ್ದರಿಂದಲೇ ಎಷ್ಟೋ ಕಡೆ ಗಾಡಿಯ ಉದ್ದಕ್ಕೆ ಮಿತಿಯಿದೆ.

ಯೆಲ್ಲೋಸ್ಟೋನ್ ನದಿ ಸರೋವರದಿಂದ ಹೊರಡುವ ಜಾಗಕ್ಕೆ ಫಿಶಿಂಗ್ ಬ್ರಿಡ್ಜ್ ಎಂದು ಹೆಸರು. ಅಂದರೆ ಮೀನು ಹಿಡಿಯುವ ಸೇತುವೆ. ಅಲ್ಲಿ ಟ್ರೌಟ್ ಮೀನುಗಳು ಮೊಟ್ಟೆಯಿಡುತ್ತವೆ ಎಂಬ ಕಾರಣಕ್ಕೆ 1973ರಿಂದ ಸೇತುವೆ ಮೇಲೆ ಗಾಳ ಹಾಕುವಂತಿಲ್ಲ. ಉಳಿದಿರುವುದು ಹೆಸರು ಮಾತ್ರ. ಆ ಪ್ರದೇಶಕ್ಕೆ ಗ್ರಿಜ್ಲಿ ಕರಡಿಗಳೂ ಬರುತ್ತವೆ. ಇದರಿಂದಾಗಿ 1989ರಲ್ಲಿ ಅಲ್ಲಿನ ಡೇರೆ ಕ್ಯಾಂಪನ್ನು ಮುಚ್ಚಿದರು. ಉಳಿಸಿಕೊಂಡ ಆರ್‌ವಿ ತಾಣದಲ್ಲಿ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ. ಬಟ್ಟೆಯ ಗೋಡೆ ಕರಡಿಗೆ ಒಂದು ಗೋಡೆಯೇ ಅಲ್ಲವಷ್ಟೆ.

ಆದರೆ ಕರಡಿಗೆ ಮನುಷ್ಯರ ಊಟದ ರುಚಿ ಹತ್ತಿಸಿದವರು ಯಾರು? ಮನುಷ್ಯರೇ. ಹಿಂದೆ ಯೆಲ್ಲೋಸ್ಟೋನ್‌ನಲ್ಲಿ ಹೋಟೆಲುಗಳ ಎಂಜಲನ್ನು ತಂದು ಸುರಿಯುತ್ತಿದ್ದರು. ಕರಡಿಗಳು ಅದನ್ನು ತಿನ್ನುವುದನ್ನು ನೋಡಲು ಪ್ರವಾಸಿಗರಿಗೆ ಆಸನಗಳ ವ್ಯವಸ್ಥೆಯೂ ಇತ್ತು. ರಸ್ತೆ ಬದಿಯಲ್ಲಿ ಕಾರಿನ ಕಿಟಕಿಯಿಂದ ತಿನಿಸು ಕೊಡುವುದು ದಿನನಿತ್ಯದ ಆಟವಾಗಿತ್ತು. 1931ರಿಂದ 1969ರವರೆಗೆ ವರ್ಷಕ್ಕೆ ಸರಾಸರಿ 48 ಮಂದಿ ಕರಡಿಗಳಿಂದ ಗಾಯಗೊಂಡರು.

1967ರ ಆಗಸ್ಟ್‌ನಲ್ಲಿ ಮೊಂಟಾನಾದ ಗ್ಲೇಸಿಯರ್ ಉದ್ಯಾನದಲ್ಲಿ ಒಂದೇ ರಾತ್ರಿ ಎರಡು ಬೇರೆ ಬೇರೆ ಕಡೆ ಮಲಗಿದ್ದ ಇಬ್ಬರು ಯುವತಿಯರನ್ನು ಗ್ರಿಜ್ಲಿಗಳು ಕೊಂದವು. ಒಬ್ಬಾಕೆ ಮಲಗಿದ್ದುದು ಟ್ರೌಟ್ ಲೇಕ್ ಎಂಬ ಸರೋವರದ ದಡದಲ್ಲಿ. ಆ ರಾತ್ರಿಯ ನಂತರ ಅಧಿಕಾರಿಗಳು ಎಚ್ಚೆತ್ತರು. 1970ರ ಹೊತ್ತಿಗೆ ಯೆಲ್ಲೋಸ್ಟೋನ್‌ನ ಎಂಜಲಿನ ಗುಂಡಿಗಳನ್ನು ಮುಚ್ಚಿದರು. ಆಮೇಲೆ ನಡೆದದ್ದು ಇನ್ನೂ ಸಂಕಟದ ಸಂಗತಿ. ಗುಂಡಿಯ ಊಟ ನಿಂತ ಕರಡಿಗಳು ಕ್ಯಾಂಪುಗಳತ್ತ ಬಂದವು. ಹಾಗೆ ಬಂದ ಎಷ್ಟೋ ಕರಡಿಗಳನ್ನು ಕೊಲ್ಲಬೇಕಾಯಿತು. 1975ರಲ್ಲಿ ಆ ಸೀಮೆಯಲ್ಲಿ ಉಳಿದಿದ್ದ ಗ್ರಿಜ್ಲಿಗಳು ಸುಮಾರು 136. ಅದೇ ವರ್ಷ ಅವಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು. ಈಗ ಅವುಗಳ ಅಂದಾಜು ಸಂಖ್ಯೆ ಸಾವಿರದ ಆಸುಪಾಸಿನಲ್ಲಿದೆ.

ರೇಂಜರ್‌ಗಳಲ್ಲಿ ಒಂದು ಮಾತಿದೆ: ಉಣಿಸಿದ ಕರಡಿ ಸತ್ತ ಕರಡಿ. ಒಂದು ಸಲ ಮೇಜಿನ ಮೇಲೆ ಊಟ ಸಿಕ್ಕರೆ ಅದು ಮತ್ತೆ ಬರುತ್ತದೆ. ಮತ್ತೆ ಬಂದರೆ ಬಲಿಯಾಗುವುದು ಮಗುವೋ ಕರಡಿಯೋ ಹೇಳಲಾಗದು. ಆ ರಾತ್ರಿ ಟಾರ್ಚ್ ಹಿಡಿದು ಬಂದವರ ಕಷ್ಟ ಇದು.

ಒಂದನ್ನು ಗಮನಿಸಿ. ಮರ ಉಳಿಸಲು ಮರಕ್ಕೆ ಬೇಲಿ ಹಾಕಲಿಲ್ಲ, ಕಾರಿಗೆ ಅಡ್ಡ ಕಲ್ಲು ಇಟ್ಟರು. ಕರಡಿಯನ್ನು ಕೊನೆಗೂ ಉಳಿಸಿದ್ದು ಅದನ್ನು ಬೋನಿಗೆ ಹಾಕಿ ಅಲ್ಲ, ನಮ್ಮ ಬುತ್ತಿಗೆ ಬೀಗ ಹಾಕಿ. ಈ ಬುದ್ಧಿ ಬರುವಷ್ಟರಲ್ಲಿ ಎಷ್ಟು ಮರ, ಎಷ್ಟು ಕರಡಿ, ಎಷ್ಟು ಮನುಷ್ಯರು ಹೋದರೆಂಬುದೇ ನೋವಿನ ವಿಷಯ.

ಇಷ್ಟನ್ನೂ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಎರಡನೇ ರಾತ್ರಿ ನಾನೇನೂ ಹೇಳಲಿಲ್ಲ ಕಣೋ. ಚಿಕ್ಕವನೇ ಎಲ್ಲ ಆಯ್ದು ಕಾರಿನಲ್ಲಿಟ್ಟ. ಅವನ ಜೇಬಿನಲ್ಲಿದ್ದ ಕಡಲೆಮಿಠಾಯಿ ಕೂಡ’ ಎಂದಳು.