ಹಿರಿಯರ ನಮಾಝ್ ಮತ್ತು ನಮ್ಮ ಹೊಣೆ

(ಜುಮಾ ಖುತ್ಬಾದ ಸಾರಾಂಶ)



ಹಝ್ರತ್ ಖ್ವಾಜಾ ಬಂದೇ ನವಾಝ್(ರ.ಅ) ದೆಹಲಿ ಬಿಟ್ಟು ಕಲಬುರಗಿಗೆ ಬಂದಾಗ ಅವರಿಗೆ ಸುಮಾರು 80 ವರ್ಷ. 1422ರಲ್ಲಿ ಇಲ್ಲೇ ಇಹಲೋಕ ತ್ಯಜಿಸಿದರು. ಆ ವಯಸ್ಸಿನಲ್ಲಿ ಬಂದವರಿಂದ ಈ ಊರು ದೀನ್ ಕಲಿಯಿತು.

ಇಂದು ಕಮಲಾಪುರದಂತಹ ಊರುಗಳಿಂದ ನಮ್ಮ ತಂದೆ-ತಾಯಿ ಮಕ್ಕಳ ನೌಕರಿ, ಆಸ್ಪತ್ರೆ ಎಂದು ಇದೇ ನಗರಕ್ಕೆ ಬರುತ್ತಾರೆ. ಅಲ್ಲಿ ಅಬ್ಬಾ ಒಂದು ಹೊತ್ತು ಮಸೀದಿಯಲ್ಲಿ ಕಾಣದಿದ್ದರೆ ನಾಲ್ಕು ಜನ ಮನೆಗೆ ಬಂದು ವಿಚಾರಿಸುತ್ತಿದ್ದರು. ಇಲ್ಲಿ ಎರಡನೇ ಮಹಡಿಯಲ್ಲಿ ಕುಳಿತವರಿಗೆ ಅಝಾನ್ ಕೇಳಿಸುತ್ತದೆ, ಮೆಟ್ಟಿಲು ಇಳಿಯಲಾಗುವುದಿಲ್ಲ. "ನಿಮಗೆ ಮಾಫಿ ಇದೆ, ಮನೆಯಲ್ಲೇ ಮಾಡಿಕೊಳ್ಳಿ" ಎಂದು ನಾವು ಗಾಡಿ ಹತ್ತುತ್ತೇವೆ.

ಮಾಫಿ ಇರುವುದು ನಿಜ. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ನಮಾಝ್ ಮಾಡಬಹುದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಉಪವಾಸ ಹಿಡಿಯಲಾಗದ ವೃದ್ಧರಿಗೆ ಫಿದ್ಯಾ ಇದೆ. ಆದರೆ ಈ ವಿನಾಯಿತಿ ಸೋತ ಮೊಣಕಾಲಿಗೆ ಸಿಕ್ಕಿದ್ದು. ಗಾಡಿ ಇದ್ದೂ ತಂದೆಯನ್ನು ಬಿಟ್ಟು ಬರುವ ಮಗನಿಗೆ ಇದರಲ್ಲಿ ಪಾಲಿಲ್ಲ.

ಹಿಂದೆ ನಿಂತವರಲ್ಲಿ ವೃದ್ಧರು, ರೋಗಿಗಳು ಇರುತ್ತಾರೆ, ನಮಾಝ್ ದೀರ್ಘಗೊಳಿಸಬೇಡಿ ಎಂದು ಪ್ರವಾದಿ(ಸ) ಇಮಾಮರಿಗೆ ಆದೇಶಿಸಿದರು. ವೃದ್ಧರು ಮಸೀದಿಗೆ ಬಂದೇ ಬರುತ್ತಾರೆಂಬುದು ಆ ಮಾತಿನಲ್ಲೇ ಇದೆ. ಹಾಗಾದರೆ ನಮ್ಮ ಮಸೀದಿಗಳಲ್ಲಿ ಕುರ್ಚಿ, ಹಿಡಿದು ಏರಲು ಸರಳು, ಕುಳಿತು ವುಝೂ ಮಾಡುವ ಜಾಗ ಇವೆಯೇ? ಜಮಾಅತ್ ಕಮಿಟಿಗಳು ಯೋಚಿಸಲಿ.

ಮನೆಯಲ್ಲಿರುವ ಅಮ್ಮಿಯ ವಿಷಯವೂ ಇದೆ. ಮರೆವಿನಿಂದ "ಅಸರ್ ಆಯಿತೇ?" ಎಂದು ಮೂರು ಸಲ ಕೇಳುತ್ತಾರೆ. ಮೂರನೇ ಸಲ ನಮ್ಮ ದನಿ ಏರುತ್ತದೆ. ತಂದೆ-ತಾಯಿಯ ಮುಂದೆ 'ಉಫ್' ಎನ್ನುವುದನ್ನೂ ಅಲ್ಲಾಹನು ನಿಷೇಧಿಸಿದ್ದಾನೆ. ಪಕ್ಕದಲ್ಲಿ ಕುಳಿತು ರಕಅತ್ ನೆನಪಿಸಿರಿ. ವುಝೂಗೆ ನೀರು ಹಾಕಿರಿ. ಪ್ರವಾದಿ(ಸ) ವುಝೂ ಮಾಡುವಾಗ ಮುಗೀರಾ(ರ) ನೀರು ಹೊಯ್ದಿದ್ದರು.

ಹಿರಿಯರೇ, ತಾವೂ ನಿರಾಶರಾಗಬೇಡಿ. ಆರೋಗ್ಯವಿದ್ದಾಗ ಮಾಡುತ್ತಿದ್ದ ಸತ್ಕರ್ಮದ ಪ್ರತಿಫಲ ರೋಗದಲ್ಲೂ ಬರೆಯಲ್ಪಡುತ್ತದೆಂದು ಹದೀಸ್‌ನಲ್ಲಿದೆ. ಎಲುಬು ಸವೆದು ತಲೆ ನರೆತ ಮೇಲೂ ಝಕರಿಯ್ಯಾ(ಅ) ಕೈಯೆತ್ತಿ ಬೇಡಿದರು. ಅಲ್ಲಾಹನು ಆ ದುಆ ಸ್ವೀಕರಿಸಿದನು. ಮೊಮ್ಮಕ್ಕಳನ್ನು ಬಳಿ ಕೂರಿಸಿ ಒಂದು ಸೂರಃ ಕಲಿಸಿರಿ.

ಬರುವ ಜುಮಾಕ್ಕೆ ನಮ್ಮ ಓಣಿಯ ಒಬ್ಬ ಹಿರಿಯರನ್ನಾದರೂ ಕೈಹಿಡಿದು ಕರೆತರೋಣ. ಅಲ್ಲಾಹನು ತೌಫೀಕ್ ನೀಡಲಿ, ಆಮೀನ್.